ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

"ಬಜೆಟ್ ಇಷ್ಟಿದೆ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಅಂತ ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಕಂಪ್ಯೂಟರ್ ಯಾವುದು? ಬಿಡಿ ಭಾಗ ಆರಿಸಿ ಜೋಡಿಸಿಕೊಂಡಿದ್ದಾ, ಇಲ್ಲಾ ಕಂಪನಿಯವರೇ ಜೋಡಿಸಿ ಮಾರಿದ ಬ್ರ್ಯಾಂಡೆಡ್ ಡೆಸ್ಕ್‌ಟಾಪಾ? ಜೋಡಿಸಿಕೊಂಡಿದ್ದಾದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದುಡ್ಡಿಗೆ ತಕ್ಕ ಒಳ್ಳೆಯ ಕಾರ್ಡ್ ತಂದು ಹಾಕಿದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ. ಬ್ರ್ಯಾಂಡೆಡ್ ಆದರೆ ಕಾರ್ಡ್‌ಗಳ ವೇಗ ಅಳೆದು ತೋರಿಸುವ ಬೆಂಚ್‌ಮಾರ್ಕ್ ವಿಡಿಯೋಗಳನ್ನು ಸ್ವಲ್ಪ ಪಕ್ಕಕ್ಕಿಡಿ. ಸ್ಕ್ರೂಡ್ರೈವರ್, ಟಾರ್ಚ್ ಮತ್ತು ಒಂದು ಸ್ಕೇಲ್ ತಗೊಂಡು ಕ್ಯಾಬಿನೆಟ್ ಬಿಚ್ಚಿ.

ಕಾರಣ ಸರಳ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಥರದ ಮಷೀನ್‌ಗಳು ಹುಟ್ಟಿದ್ದೇ ಆಫೀಸ್ ಕೆಲಸಕ್ಕೆ. ಬ್ರೌಸರ್, ಎಕ್ಸೆಲ್, ಮೇಲ್, ಇಷ್ಟಕ್ಕೆ ಎಷ್ಟು ಬೇಕೋ ಅಷ್ಟೇ ಕರೆಂಟ್, ಅಷ್ಟೇ ಜಾಗ, ಅಷ್ಟೇ ಗಾಳಿ ಕೊಟ್ಟು ಮಾಡಿರುತ್ತಾರೆ. ಅದು ತಪ್ಪೇನೂ ಅಲ್ಲ. ಈ ಮಷೀನ್‌ಗಳು ಗಟ್ಟಿಮುಟ್ಟು, ಸದ್ದಿಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿಯೂ ಸಿಗುತ್ತವೆ. ಸರಿಯಾದ ಕಾರ್ಡ್ ಹಾಕಿದರೆ ಗೇಮ್, ವಿಡಿಯೋ ಎಡಿಟಿಂಗ್ ಎಲ್ಲಾ ಚೆನ್ನಾಗಿಯೇ ಮಾಡುತ್ತವೆ. ಆದರೆ ಆ ಸರಿಯಾದ ಕಾರ್ಡ್ ಯಾವುದು ಅನ್ನೋದು ಕ್ಯಾಬಿನೆಟ್ ಒಳಗಿನ ನಾಲ್ಕೈದು ಸಂಗತಿಗಳ ಮೇಲೆ ನಿಂತಿದೆ, ಅದನ್ನು ನೋಡಿಕೊಂಡ ಮೇಲೆ ಆಯ್ಕೆಗೆ ಉಳಿಯುವುದು ಎರಡೋ ಮೂರೋ ಕಾರ್ಡ್ ಅಷ್ಟೇ.

ಕರೆಂಟಿನ ಲೆಕ್ಕ

ಮೊದಲು ಎಸ್‌ಎಂಪಿಎಸ್ ನೋಡಿ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿ ಹಂಚುವ ಡಬ್ಬಿ. ಅದರ ಮೈಮೇಲೆ ಒಂದು ಲೇಬಲ್ ಇರುತ್ತದೆ. ದಪ್ಪ ಅಕ್ಷರದಲ್ಲಿ ಒಟ್ಟು ವ್ಯಾಟ್ ಇರುತ್ತದೆ: 240, 255, 290, 320, ಹೀಗೆ. ಉದಾಹರಣೆಗೆ ಆಪ್ಟಿಪ್ಲೆಕ್ಸ್ 9020 ಟವರ್‌ನಲ್ಲಿ 290 ವ್ಯಾಟ್, ಅದೇ ಹೆಸರಿನ ಸಣ್ಣ ಕ್ಯಾಬಿನೆಟ್ ಮಾದರಿಯಲ್ಲಿ 255 ವ್ಯಾಟ್. ಈ ದೊಡ್ಡ ಸಂಖ್ಯೆಗಿಂತ ನಮಗೆ ಮುಖ್ಯವಾದದ್ದು ಅದರ ಕೆಳಗಿನ ಸಣ್ಣ ಕೋಷ್ಟಕ. ಅಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ ಅಂತ ಬರೆದಿರುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಕರೆಂಟ್ ಎಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. 12 ವೋಲ್ಟ್‌ಗೆ 16 ಆಂಪ್ ಅಂತಿದ್ದರೆ 12ನ್ನು 16ರಿಂದ ಗುಣಿಸಿ, 192 ವ್ಯಾಟ್. ಎರಡು ಮೂರು 12 ವೋಲ್ಟ್ ಸಾಲುಗಳಿದ್ದರೆ ಸುಮ್ನೆ ಎಲ್ಲವನ್ನೂ ಕೂಡಿಸಬೇಡಿ, ಎಲ್ಲಾ ಸೇರಿ ಗರಿಷ್ಠ ಎಷ್ಟು ಅಂತ ಪಕ್ಕದಲ್ಲೇ ಬೇರೆ ಬರೆದಿರುತ್ತದೆ, ಅದನ್ನೇ ಲೆಕ್ಕಕ್ಕೆ ತಗೊಳ್ಳಿ.

ಈಗ ಕಾರ್ಡ್ ಕಡೆಯಿಂದ ನೋಡೋಣ. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ ಕಾರ್ಡಿಗೆ 75 ವ್ಯಾಟ್ ತನಕ ಕೊಡಬಲ್ಲದು. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಕೇಬಲ್ ಹೋಗಬೇಕು. 6 ಪಿನ್ ಕೇಬಲ್‌ನಿಂದ ಇನ್ನೊಂದು 75 ವ್ಯಾಟ್, 8 ಪಿನ್ ಕೇಬಲ್‌ನಿಂದ 150 ವ್ಯಾಟ್. ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಈ 6 ಅಥವಾ 8 ಪಿನ್ ಕೇಬಲ್ ಇರುವುದೇ ಇಲ್ಲ. ಹಾಗಾಗಿ ಎಸ್‌ಎಂಪಿಎಸ್‌ನಿಂದ ಹೊರಟ ಕೇಬಲ್‌ಗಳನ್ನು ಒಂದೊಂದಾಗಿ ಹಿಡಿದು ಎಲ್ಲಿಗೆ ಹೋಗಿದೆ ಅಂತ ನೋಡಿ. ಪ್ರೊಸೆಸರ್ ಪಕ್ಕ ಚುಚ್ಚಿರುವ 4 ಅಥವಾ 8 ಪಿನ್ ಕೇಬಲ್ ಕಾರ್ಡಿನದ್ದಲ್ಲ, ಅದು ಪ್ರೊಸೆಸರ್‌ದು. ಇವೆರಡರ 8 ಪಿನ್ ನೋಡಲು ಒಂದೇ ಥರ ಕಂಡರೂ ಒಳಗೆ ಧನ, ಋಣ ತಂತಿಗಳ ಜಾಗವೇ ಅದಲುಬದಲು.

ಒಂದು ಲೆಕ್ಕ ಮಾಡೋಣ. ಮೇಲೆ ಹೇಳಿದ 290 ವ್ಯಾಟ್ ಟವರ್, ಒಳಗೆ 84 ವ್ಯಾಟ್‌ನ, ಇಂಟೆಲ್‌ನ 4ನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್. ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸೇರಿಸಿ 50 ವ್ಯಾಟ್ ಇಟ್ಟುಕೊಳ್ಳಿ. 75 ವ್ಯಾಟ್‌ನ ಕಾರ್ಡ್ ಹಾಕಿದರೆ ಒಟ್ಟು 209. ಇನ್ನೂ 80 ವ್ಯಾಟ್ ಉಳಿಯಿತು, ನೆಮ್ಮದಿಯಾಗಿ ಓಡುತ್ತದೆ. ಅದೇ ಜಾಗಕ್ಕೆ 132 ವ್ಯಾಟ್‌ನ, ಎಎಂಡಿ ಕಂಪನಿಯ ಆರ್‌ಎಕ್ಸ್ 6600 ಕಾರ್ಡ್ ಹಾಕಿದರೆ 266 ಆಗುತ್ತದೆ. ಕಾಗದದ ಮೇಲೆ 290ರ ಒಳಗೇ ಇದೆ ಅಲ್ವಾ ಅನ್ನಬಹುದು. ಆದರೆ ಕಾರ್ಡ್‌ಗಳು ಒಂದೊಂದು ಕ್ಷಣ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತವೆ, ಎಸ್‌ಎಂಪಿಎಸ್‌ಗೂ ವಯಸ್ಸಾಗಿರುತ್ತದೆ, ಗೇಮ್ ಜೋರಾಗಿ ನಡೆಯುವಾಗ ಮಷೀನ್ ಫಟ್ ಅಂತ ಆಫ್ ಆಗುವುದು ಹೀಗೇ. ಒಟ್ಟು ಬಳಕೆ ಲೇಬಲ್ಲಿನ ಮುಕ್ಕಾಲು ಭಾಗ ದಾಟದ ಹಾಗೆ ನೋಡಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ಅಳತೆ.

ಇಲ್ಲಿ ಒಂದು ಅಪಾಯದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. 6 ಪಿನ್ ಕೇಬಲ್ ಇಲ್ಲದಿದ್ದರೆ ಸಾಟಾ ಪವರ್ ಕೇಬಲ್‌ಗೆ ಚುಚ್ಚಿ 6 ಪಿನ್ ಮಾಡಿಕೊಡುವ ಅಗ್ಗದ ಅಡಾಪ್ಟರ್ ಸಿಗುತ್ತದೆ. ದಯವಿಟ್ಟು ಹಾಕಬೇಡಿ. ಹಾರ್ಡ್ ಡಿಸ್ಕ್‌ಗೆ ಅಂತ ಇರುವ ಆ ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪ್, ಒಟ್ಟು 54 ವ್ಯಾಟ್ ಅಷ್ಟೇ. ಕಾರ್ಡ್ ಅದೇ ದಾರಿಯಲ್ಲಿ 75 ವ್ಯಾಟ್ ಕೇಳಬಹುದು. ಕನೆಕ್ಟರ್ ಬಿಸಿಯಾಗಿ ಕರಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಹಲವು ಬ್ರ್ಯಾಂಡೆಡ್ ಮಷೀನ್‌ಗಳಲ್ಲಿ ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಅಲ್ಲಿ ಹಾರ್ಡ್ ಡಿಸ್ಕ್‌ನ ಪವರ್ ಕೇಬಲ್ ಎಸ್‌ಎಂಪಿಎಸ್‌ನಿಂದ ಬರುವುದೇ ಇಲ್ಲ, ಮದರ್‌ಬೋರ್ಡ್‌ನಿಂದ ಬರುತ್ತದೆ. ಅಲ್ಲಿಗೆ ಅಡಾಪ್ಟರ್ ಚುಚ್ಚಿದರೆ ಕಾರ್ಡಿನ ಭಾರವೆಲ್ಲ ಬೋರ್ಡಿನ ತೆಳು ತಾಮ್ರದ ಗೆರೆಗಳ ಮೇಲೆ ಬೀಳುತ್ತದೆ.

ಎಸ್‌ಎಂಪಿಎಸ್ಸನ್ನೇ ಬದಲಾಯಿಸಿದರೆ? ಕೆಲವು ಮಷೀನ್‌ಗಳಲ್ಲಿ ಆಗುತ್ತದೆ, ಹಲವದರಲ್ಲಿ ತಲೆನೋವು. ಮಾಮೂಲಿ ಎಸ್‌ಎಂಪಿಎಸ್ ಮದರ್‌ಬೋರ್ಡ್‌ಗೆ 24 ಪಿನ್ ಕೊಡುತ್ತದೆ. ಈ ಕಂಪನಿಗಳ ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ 24 ಪಿನ್ ಸಾಕೆಟ್ಟೇ ಇಲ್ಲ, 8 ಪಿನ್, 6 ಪಿನ್, 10 ಪಿನ್, 14 ಪಿನ್ ಅಂತ ಅವರವರದೇ ಲೆಕ್ಕ. ಡಬ್ಬಿಯ ಅಳತೆ, ಸ್ಕ್ರೂ ಜಾಗವೂ ಬೇರೆ. 24 ಪಿನ್‌ನಿಂದ ಇವಕ್ಕೆ ಬದಲಾಯಿಸುವ ಕೇಬಲ್ ಸಿಗುತ್ತದೆ. ಕ್ಯಾಬಿನೆಟ್‌ನಲ್ಲಿ ಜಾಗ ಕೂಡಿ ಬಂದು, ನಿಮ್ಮದೇ ಮಾದರಿಯಲ್ಲಿ ಬೇರೆಯವರು ಹಾಕಿ ಓಡಿಸಿದ್ದು ಖಚಿತವಾದರೆ ಮಾಡಬಹುದು. ಆದರೆ ಕಾರ್ಡ್, ಎಸ್‌ಎಂಪಿಎಸ್, ಕೇಬಲ್ ಮೂರರ ಖರ್ಚನ್ನೂ ಕೂಡಿಸಿ ನೋಡಿ. ಬಜೆಟ್ ಕಾರ್ಡ್ ಅಂತ ಹೊರಟಿದ್ದು ಅಲ್ಲಿಗೆ ಬಜೆಟ್‌ನಲ್ಲಿ ಉಳಿದಿರುವುದಿಲ್ಲ.

ಜಾಗದ ಅಳತೆ

ಕ್ಯಾಬಿನೆಟ್‌ನಲ್ಲಿ ಮೂರು ಥರ. ದೊಡ್ಡ ಟವರ್, ಸಣ್ಣದಾಗಿ ತೆಳ್ಳಗಿರುವ ಸ್ಮಾಲ್ ಫಾರ್ಮ್ ಫ್ಯಾಕ್ಟರ್, ಮತ್ತೆ ಅಂಗೈ ಅಗಲದ ಮಿನಿ. ಮಿನಿಯಲ್ಲಿ ಸಾಮಾನ್ಯವಾಗಿ ಕಾರ್ಡ್ ಹಾಕುವ ಸ್ಲಾಟೇ ಇರುವುದಿಲ್ಲ, ಆ ಕಥೆ ಅಲ್ಲಿಗೆ ಮುಗಿಯಿತು.

ಟವರ್ ಆದರೆ ಮಾಮೂಲಿ ಎತ್ತರದ ಕಾರ್ಡ್ ಕೂರುತ್ತದೆ. ನೋಡಬೇಕಾದ್ದು ಉದ್ದ. ಹಿಂದಿನ ತಗಡಿನಿಂದ ಮುಂದಿನ ಹಾರ್ಡ್ ಡಿಸ್ಕ್ ಗೂಡಿನವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಅಡ್ಡ ಬರುವ ಕೇಬಲ್ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದೇ ಫ್ಯಾನಿನ ಗಿಡ್ಡ ಕಾರ್ಡ್‌ಗಳು 17-18 ಸೆಂ.ಮೀ. ಆಸುಪಾಸು ಇರುತ್ತವೆ, ಎರಡು ಫ್ಯಾನಿನವು 20 ಸೆಂ.ಮೀ. ದಾಟುತ್ತವೆ. ಬಜೆಟ್ ಕಾರ್ಡ್‌ನಲ್ಲಿ ಎರಡನೇ ಫ್ಯಾನ್‌ನಿಂದ ವೇಗ ಹೆಚ್ಚೇನೂ ಬದಲಾಗುವುದಿಲ್ಲ, ಸದ್ದು ಸ್ವಲ್ಪ ಕಡಿಮೆ ಆಗಬಹುದು. ಜಾಗ ಕಡಿಮೆ ಇದ್ದರೆ ಗಿಡ್ಡದ್ದನ್ನೇ ತಗೊಳ್ಳಿ.

ಸಣ್ಣ ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್ ಕಾರ್ಡೇ ಬೇಕು, ಅಂದರೆ ಅರ್ಧ ಎತ್ತರದ್ದು. ಕಾರ್ಡಿನ ಹಿಂಭಾಗದಲ್ಲಿ ಎಚ್‌ಡಿಎಂಐ ಪೋರ್ಟ್‌ಗಳಿರುವ ತಗಡಿನ ಪಟ್ಟಿ ಇದೆಯಲ್ಲ, ಮಾಮೂಲಿ ಕಾರ್ಡಿನಲ್ಲಿ ಅದು ಸುಮಾರು 12 ಸೆಂ.ಮೀ., ಲೋ ಪ್ರೊಫೈಲ್‌ನಲ್ಲಿ ಸುಮಾರು 8 ಸೆಂ.ಮೀ. ಇಂಥ ಕಾರ್ಡ್‌ಗಳ ಡಬ್ಬಿಯಲ್ಲಿ ಹೆಚ್ಚಾಗಿ ಎರಡೂ ಪಟ್ಟಿ ಕೊಟ್ಟಿರುತ್ತಾರೆ, ಉದ್ದದ್ದು ಕಾರ್ಡಿಗೆ ಹಾಕಿರುತ್ತದೆ, ಗಿಡ್ಡದ್ದು ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯಾಗಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಈ ಗಿಡ್ಡ ಪಟ್ಟಿ ಇದೆಯಾ ಅಂತ ಮರೆಯದೆ ಕೇಳಿ. ಮಾರುವವರು ಅದನ್ನು ಎಲ್ಲೋ ಕಳೆದಿರುತ್ತಾರೆ, ಅದಿಲ್ಲದೆ ಕಾರ್ಡ್ ಸಡಿಲವಾಗಿ ನೇತಾಡುತ್ತದೆ.

ದಪ್ಪವನ್ನೂ ನೋಡಬೇಕು. ಒಂದು ಸ್ಲಾಟಿನ ಜಾಗ ಅಂದರೆ ಸುಮಾರು 2 ಸೆಂ.ಮೀ. ಹೆಚ್ಚಿನ ಕಾರ್ಡ್‌ಗಳು ಎರಡು ಸ್ಲಾಟ್ ದಪ್ಪ. ಕೆಲವು ಸಣ್ಣ ಕ್ಯಾಬಿನೆಟ್‌ಗಳಲ್ಲಿ ಉದ್ದನೆಯ ಸ್ಲಾಟ್ ಎಸ್‌ಎಂಪಿಎಸ್ ಗೋಡೆಗೇ ಅಂಟಿಕೊಂಡ ಹಾಗೆ ಇರುತ್ತದೆ, ಎರಡು ಸ್ಲಾಟಿನ ಕಾರ್ಡ್ ಅಲ್ಲಿ ಕೂರುವುದೇ ಇಲ್ಲ. ಆಗ ಒಂದು ಸ್ಲಾಟ್ ದಪ್ಪದ, ಲೋ ಪ್ರೊಫೈಲ್ ಕಾರ್ಡೇ ಗತಿ. ಜೊತೆಗೆ ಇಂಥ ಸಣ್ಣ ಮಷೀನ್‌ಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸ್ಲಾಟಿಗೆ ಎಷ್ಟು ವ್ಯಾಟ್ ಅಂತ ಬರೆದಿದೆಯಾ ನೋಡಿ. ಕೆಲವು ಮಾದರಿಗಳಲ್ಲಿ ಕಂಪನಿಯವರು 75ಕ್ಕಿಂತ ಕಡಿಮೆ ಮಿತಿ ಹೇಳಿರುತ್ತಾರೆ. ಮ್ಯಾನ್ಯುಯಲ್ ಕಂಪನಿಯ ಸೈಟಿನಲ್ಲಿ ಮಾದರಿ ಹೆಸರು ಹಾಕಿದರೆ ಸಿಗುತ್ತದೆ, ಹತ್ತು ನಿಮಿಷದ ಕೆಲಸ.

ಸ್ಲಾಟ್, ಮೆಮೊರಿ ಮತ್ತು ಬಯೋಸ್

ಕಾರ್ಡ್ ಸ್ಲಾಟಿನಲ್ಲಿ ಕೂತಿತು ಅಂದ ಮಾತ್ರಕ್ಕೆ ಪೂರ್ತಿ ವೇಗ ಸಿಗುತ್ತದೆ ಅಂತಲ್ಲ. ಪಿಸಿಐ ಎಕ್ಸ್‌ಪ್ರೆಸ್‌ಗೆ 2.0, 3.0, 4.0 ಅಂತ ತಲೆಮಾರುಗಳಿವೆ, ಡೇಟಾ ಓಡಾಡುವ ದಾರಿಗಳಾದ ಲೇನ್‌ಗಳಿವೆ. ಪ್ರತಿ ತಲೆಮಾರಿಗೂ ಒಂದು ಲೇನಿನ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇಂಟೆಲ್‌ನ 2ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಲ್ಲಿ 2.0, 3ರಿಂದ 10ನೇ ತಲೆಮಾರಿನ ತನಕ ಹೆಚ್ಚಾಗಿ 3.0, 11ರಿಂದ 4.0. ಎಎಂಡಿಯಲ್ಲಿ ರೈಜನ್ 3000ದಿಂದ, ಬೋರ್ಡ್ ಒಪ್ಪಿದರೆ, 4.0 ಸಿಗುತ್ತದೆ. ಆದರೆ ಬ್ರ್ಯಾಂಡೆಡ್ ಮಷೀನ್‌ಗಳಲ್ಲಿ ಹೆಚ್ಚಾಗಿ ಬರುವ 5600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಚಿಪ್‌ಗಳಲ್ಲಿ 3.0 ಅಷ್ಟೇ.

ಇದು ಯಾಕೆ ಮುಖ್ಯ ಅಂದರೆ ಕೆಲವು ಅಗ್ಗದ ಕಾರ್ಡ್‌ಗಳಿಗೆ 16 ಲೇನ್ ಬದಲು ನಾಲ್ಕೇ ಲೇನ್ ಇಟ್ಟಿದ್ದಾರೆ. ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ, ಎರಡೂ 2022ರ ಜನವರಿಯಲ್ಲಿ ಬಂದವು, ಹಾಗೇ ಇವೆ. 4.0 ಸ್ಲಾಟಿನಲ್ಲಿ ನಾಲ್ಕು ಲೇನ್ ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಹಳೆಯ 3.0 ಮಷೀನಿನಲ್ಲಿ ಅದು ನೇರ ಅರ್ಧ, 4 ಜಿಬಿ. ಕಾರ್ಡಿನ ಮೆಮೊರಿ ಸಾಕಾಗುವ ತನಕ ಈ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಅದು ತುಂಬಿದ ಕೂಡಲೇ ಪೆಟ್ಟು ಬೀಳುತ್ತದೆ. ಕಾರ್ಡಿನ ಮೇಲಿನ ಮೆಮೊರಿ ಅಂದರೆ ಅಡುಗೆ ಕಟ್ಟೆ, ಕಂಪ್ಯೂಟರಿನ ರ‍್ಯಾಮ್ ಅಂದರೆ ಹಿಂದಿನ ಉಗ್ರಾಣ. ಕಟ್ಟೆ ಮೇಲೆ ಜಾಗ ಸಾಲದೆ ಪ್ರತಿ ಸಾಮಾನಿಗೂ ಉಗ್ರಾಣಕ್ಕೆ ಓಡಬೇಕಾದರೆ ನಡುವಿನ ಬಾಗಿಲು ಎಷ್ಟು ಅಗಲ ಇದೆ ಅನ್ನೋದರ ಮೇಲೇ ಎಲ್ಲಾ ನಿಂತಿರುತ್ತದೆ. ಈ ಎರಡು ಕಾರ್ಡ್‌ಗಳ ಹೆಚ್ಚಿನ ಮಾದರಿಗಳಲ್ಲಿ 4 ಜಿಬಿ ಮೆಮೊರಿ, ಬಾಗಿಲೂ ಕಿರಿದು. ಹಳೆಯ ಮಷೀನಿನಲ್ಲಿ ಹೊಸ ಗೇಮ್ ಆಡುವಾಗ ಚಿತ್ರ ತಡವರಿಸುವುದು ಇದಕ್ಕೇ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3050, 4060 ಇವಕ್ಕೆ ಎಂಟು ಲೇನ್ ಇದೆ, 3.0 ಮಷೀನಿನಲ್ಲೂ ಹೆಚ್ಚು ತೊಂದರೆ ಇಲ್ಲ.

ಇನ್ನೊಂದು ಮಾತು. ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಇದ್ದರೆ ಎರಡೂ ಒಂದೇ ಅಂದುಕೊಳ್ಳಬೇಡಿ. ಎರಡನೆಯದು ನೋಡಲು ಅಷ್ಟೇ ಉದ್ದ ಇದ್ದರೂ ಒಳಗೆ ನಾಲ್ಕು ಲೇನ್ ಮಾತ್ರ ಜೋಡಿಸಿರುವುದು ಮಾಮೂಲಿ. ಪ್ರೊಸೆಸರ್‌ಗೆ ಹತ್ತಿರ ಇರುವುದೇ ಸಾಮಾನ್ಯವಾಗಿ ಕಾರ್ಡಿನ ಸ್ಲಾಟ್.

ಇಂಟೆಲ್ ಆರ್ಕ್ ಕಾರ್ಡ್ ಕಡೆ ಕಣ್ಣು ಹಾಕಿದ್ದರೆ ಮೊದಲು ಬಯೋಸ್‌ನಲ್ಲಿ (ಮಷೀನ್ ಆನ್ ಆದ ಕೂಡಲೇ ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ರೀಸೈಜಬಲ್ ಬಾರ್ ಅನ್ನುವ ಆಯ್ಕೆ ಇದೆಯಾ ನೋಡಿ. ಪ್ರೊಸೆಸರ್ ಒಂದೇ ಸಲಕ್ಕೆ ಕಾರ್ಡಿನ ಪೂರ್ತಿ ಮೆಮೊರಿ ಮುಟ್ಟುವುದಕ್ಕೆ ಅವಕಾಶ ಕೊಡುವ ಸೌಲಭ್ಯ ಅದು. ಬೇರೆ ಕಾರ್ಡ್‌ಗಳಿಗೆ ಅದಿದ್ದರೆ ಒಳ್ಳೆಯದು ಅಷ್ಟೇ, ಆರ್ಕ್‌ಗೆ ಮಾತ್ರ ಅದಿಲ್ಲದಿದ್ದರೆ ವೇಗ ಬಹಳ ಕುಸಿಯುತ್ತದೆ. ಇಂಟೆಲ್‌ನವರೇ ತಮ್ಮ 10ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಲಿ ಅನ್ನುತ್ತಾರೆ. ಹಳೆಯ ಆಫೀಸ್ ಮಷೀನಿಗೆ ಆರ್ಕ್ ಬೇಡ.

ತೀರಾ ಹಳೆಯ ಮಷೀನ್ ಆದರೆ, 2012ರ ಹಿಂದಿನದು ಅಂತಿಟ್ಟುಕೊಳ್ಳಿ, ಹೊಸ ಥರದ ಬಯೋಸ್ ಆದ ಯುಇಎಫ್‌ಐ ಸರಿಯಾಗಿ ಇಲ್ಲದೆ ಹೊಸ ಕಾರ್ಡ್ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುವ ಸಾಧ್ಯತೆ ಇದೆ. ಯಾವ ಮಷೀನ್ ಆದರೂ ಕಾರ್ಡ್ ತರುವ ಮುಂಚೆಯೇ ಕಂಪನಿಯ ಸೈಟಿನಿಂದ ಬಯೋಸ್ ಅಪ್‌ಡೇಟ್ ಮಾಡಿಬಿಡಿ.

ಹಾಗಾದರೆ ಯಾವ ಕಾರ್ಡ್?

ಬರೀ ಇನ್ನೊಂದು ಮಾನಿಟರ್ ಬೇಕು, ವಿಡಿಯೋ ಸರಾಗವಾಗಿ ಓಡಬೇಕು ಅನ್ನುವವರಿಗೆ ಹೊಸ ಕಾರ್ಡ್ ಬೇಕಾಗಿರುವುದೇ ಅನುಮಾನ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಅದನ್ನು ಮಾಡುತ್ತದೆ. ಬ್ರ್ಯಾಂಡೆಡ್ ಮಷೀನ್‌ಗಳು ಹಲವು ಸಲ ಒಂದೇ ರ‍್ಯಾಮ್ ಹಾಕಿಕೊಂಡು ಬರುತ್ತವೆ. ಅದೇ ಥರದ್ದು ಇನ್ನೊಂದು ಹಾಕಿ ಎರಡೂ ಒಟ್ಟಿಗೆ ಓಡುವ ಡ್ಯುಯಲ್ ಚಾನೆಲ್ ಮಾಡಿದರೆ ಒಳಗಿನ ಗ್ರಾಫಿಕ್ಸ್‌ಗೇ ಒಳ್ಳೆ ಚುರುಕು ಬರುತ್ತದೆ.

ಗೇಮ್‌ಗೆ ಅಂತ ಎನ್‌ವಿಡಿಯಾದ ಜಿಟಿ 710, ಜಿಟಿ 730 ತಗೊಳ್ಳಬೇಡಿ. ಅಗ್ಗ ನಿಜ. ಆದರೆ ಇವು ಪರದೆಗೆ ಪೋರ್ಟ್ ಕೊಡುವ ಕಾರ್ಡ್‌ಗಳು, ಈಗಿನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗಿಂತ ಹಿಂದೆ. ಜಿಟಿ 1030 ಇವಕ್ಕಿಂತ ಮೇಲು, 30 ವ್ಯಾಟ್ ಸಾಕು. ಅದರಲ್ಲೂ ಒಂದು ಬಲೆ ಇದೆ. ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಮಾರಾಟ ಆಗಿದೆ. 2017ರಲ್ಲಿ ಬಂದಿದ್ದಕ್ಕೆ ಜಿಡಿಡಿಆರ್5 ಮೆಮೊರಿ, ವೇಗ ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿಟ್ಟು ಡಿಡಿಆರ್4 ಹಾಕಿ ಬಿಟ್ಟರು, ವೇಗ 17 ಜಿಬಿಯೂ ಇಲ್ಲ. ಗೇಮ್‌ಗಳಲ್ಲಿ ವೇಗ ಕೆಲವೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕೊಳ್ಳುವವರಿಗೆ ಇದು ಮಾಡಿದ ಅನ್ಯಾಯ ಅಂತಲೇ ನಾನು ಹೇಳುವುದು. ಡಬ್ಬಿ ಮೇಲಿನ ಮೆಮೊರಿ ಹೆಸರು ಓದದೆ ದುಡ್ಡು ಕೊಡಬೇಡಿ.

ಪಿನ್ ಕೇಬಲ್ ಇಲ್ಲದ ಮಷೀನ್‌ಗೆ ನಿಜವಾದ ಆಯ್ಕೆ ಶುರುವಾಗುವುದು ಇದರ ಮೇಲೆ. ಹಳಬರಲ್ಲಿ ಜಿಟಿಎಕ್ಸ್ 1050 ಟಿಐ, 2016ರದ್ದು, 4 ಜಿಬಿ, 75 ವ್ಯಾಟ್. ತುಂಬಾ ವರ್ಷ ಈ ಜಾಗದ ರಾಜ ಇದೇ. ಆದರೆ ಎನ್‌ವಿಡಿಯಾ ಈ ಪ್ಯಾಸ್ಕಲ್ ತಲೆಮಾರಿಗೆ ಹೊಸ ಗೇಮ್ ಡ್ರೈವರ್ (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು, ಇನ್ನು ಭದ್ರತೆಯ ಅಪ್‌ಡೇಟ್ ಮಾತ್ರ. ಹಳೆಯ ಗೇಮ್‌ಗಳಷ್ಟೇ ಸಾಕು, ತೀರಾ ಅಗ್ಗಕ್ಕೆ ಸಿಕ್ಕಿತು ಅಂದರೆ ಸರಿ. ಇಲ್ಲದಿದ್ದರೆ 2019ರ ಜಿಟಿಎಕ್ಸ್ 1650 ಕಡೆ ಹೋಗಿ. ಅದೂ 4 ಜಿಬಿ, 75 ವ್ಯಾಟ್, 1050 ಟಿಐಗಿಂತ ಚೆನ್ನಾಗಿಯೇ ಮುಂದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಎಚ್ಚರಿಕೆ ಒಂದೇ: 1650 ಮತ್ತು 1050 ಟಿಐ ಎರಡರಲ್ಲೂ ಕೆಲವು ಮಾದರಿಗಳಿಗೆ ತಯಾರಕರು 6 ಪಿನ್ ಸಾಕೆಟ್ ಹಾಕಿದ್ದಾರೆ. ಹೆಸರು ನೋಡಿ ನಂಬಬೇಡಿ, ಕಾರ್ಡಿನ ಮೇಲಂಚಿನ ಫೋಟೋ ನೋಡಿ.

ಹೊಸದಾಗಿಯೇ ಬೇಕು, ಪಿನ್ ಇರಬಾರದು ಅಂದರೆ ನಾನು ಮೊದಲು ಹೇಳುವುದು ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 2024ರ ಫೆಬ್ರವರಿಯಲ್ಲಿ ಬಂತು, 70 ವ್ಯಾಟ್, 1650ಗಿಂತ ಸ್ಪಷ್ಟವಾಗಿ ವೇಗ, ಮೆಮೊರಿಯೂ ಜಾಸ್ತಿ, ಲೋ ಪ್ರೊಫೈಲ್ ಆವೃತ್ತಿಗಳೂ ಇವೆ. ಡಿಎಲ್‌ಎಸ್‌ಎಸ್ ಸಿಗುತ್ತದೆ, ಅಂದರೆ ಗೇಮನ್ನು ಕಡಿಮೆ ರೆಸೊಲ್ಯೂಷನ್‌ನಲ್ಲಿ ಬಿಡಿಸಿ ದೊಡ್ಡದು ಮಾಡಿ ತೋರಿಸುವ ತಂತ್ರ, ಸಣ್ಣ ಕಾರ್ಡಿಗೆ ಅದು ದೊಡ್ಡ ಆಸರೆ. ಇತ್ತೀಚಿನ ಕೆಲವು ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಬಿಡಿಸುವ ತಂತ್ರ) ಇರುವ ಕಾರ್ಡ್ ಇಲ್ಲದೆ ಶುರುವೇ ಆಗುವುದಿಲ್ಲ, 1650ರಲ್ಲಿ ಅದಿಲ್ಲ, ಇದರಲ್ಲಿದೆ. ಇಲ್ಲೂ ಹೆಸರಿನ ಗೊಂದಲ ಬಿಟ್ಟಿಲ್ಲ ನೋಡಿ. 2022ರ 8 ಜಿಬಿಯ 3050 ಬೇರೆಯೇ ಕಾರ್ಡ್. ಅದಕ್ಕೆ 130 ವ್ಯಾಟ್ ಮತ್ತು ಪಿನ್ ಕೇಬಲ್ ಬೇಕು, ವೇಗವೂ ಹೆಚ್ಚು. 8 ಜಿಬಿಯ ಪರೀಕ್ಷೆ ನೋಡಿ 6 ಜಿಬಿ ಕೊಂಡು ನಿರಾಸೆಪಡುವವರು ಬಹಳ.

ಎರಡು ಸ್ಲಾಟಿನ ದಪ್ಪಕ್ಕೆ ಜಾಗ ಇಲ್ಲದ ತೆಳು ಮಷೀನ್‌ಗೆ ಆರ್‌ಎಕ್ಸ್ 6400 ಸರಿಹೊಂದುತ್ತದೆ. 53 ವ್ಯಾಟ್ ಸಾಕು, ಒಂದು ಸ್ಲಾಟ್ ದಪ್ಪದ ಲೋ ಪ್ರೊಫೈಲ್ ಮಾದರಿ ಸಿಗುತ್ತದೆ. ನಾಲ್ಕು ಲೇನಿನ ಕೊರತೆ ಮೇಲೆಯೇ ಹೇಳಿದೆ. ಇನ್ನೊಂದು ಕೊರತೆ, ಇದರಲ್ಲಿ ವಿಡಿಯೋವನ್ನು ಕುಗ್ಗಿಸಿ ಉಳಿಸಲು ಬೇಕಾದ ಎನ್‌ಕೋಡರ್ ಇಲ್ಲ. ಗೇಮ್ ರೆಕಾರ್ಡ್ ಮಾಡುವವರು, ಲೈವ್ ಬಿಡುವವರು, ವಿಡಿಯೋ ಎಡಿಟ್ ಮಾಡುವವರು ಇದನ್ನು ಬಿಟ್ಟುಬಿಡಿ. ಅದೇ ಎಡಿಟಿಂಗ್‌ಗೆ, ಹೊಸ ಮಷೀನ್ ಇದ್ದರೆ, ಆರ್ಕ್ ಎ380 ಒಳ್ಳೆಯದು. 6 ಜಿಬಿ ಇದೆ, ಎವಿ1 ಅನ್ನುವ ಹೊಸ ವಿಡಿಯೋ ನಮೂನೆಯ ಎನ್‌ಕೋಡಿಂಗ್ ಕೂಡ ಇದೆ. ಇದರಲ್ಲೂ ಪಿನ್ ಇರುವ ಮತ್ತು ಇಲ್ಲದ ಮಾದರಿ ಎರಡೂ ಉಂಟು.

8 ಪಿನ್ ಕೇಬಲ್ ಇರುವ, 450-500 ವ್ಯಾಟಿನ ಎಸ್‌ಎಂಪಿಎಸ್ ಇರುವ ಗೇಮಿಂಗ್ ಬ್ರ್ಯಾಂಡೆಡ್ ಟವರ್ ನಿಮ್ಮದಾದರೆ ಇಷ್ಟೆಲ್ಲ ಕಟ್ಟುಪಾಡು ಇಲ್ಲ. ಆರ್‌ಎಕ್ಸ್ 6600 ದುಡ್ಡಿಗೆ ತಕ್ಕ ಕಾರ್ಡ್, 8 ಜಿಬಿ, ಮಾಮೂಲಿ ಫುಲ್ ಎಚ್‌ಡಿಗೆ ಧಾರಾಳ. 115 ವ್ಯಾಟಿನ ಆರ್‌ಟಿಎಕ್ಸ್ 4060 ಕರೆಂಟ್ ವಿಷಯದಲ್ಲಿ ಬಹಳ ಮಿತವ್ಯಯಿ. 12 ಜಿಬಿಯ ಆರ್ಕ್ ಬಿ580ಗೆ 190 ವ್ಯಾಟ್ ಬೇಕು, ಜೊತೆಗೆ ಚುರುಕಾದ ಹೊಸ ಪ್ರೊಸೆಸರ್ ಇರಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಎಕ್ಸ್ 580 ಅಗ್ಗಕ್ಕೆ ಸಿಕ್ಕಿ ಆಸೆ ಹುಟ್ಟಿಸುತ್ತದೆ. 185 ವ್ಯಾಟ್ ಕುಡಿದು ಅಷ್ಟನ್ನೂ ಬಿಸಿಯಾಗಿ ಹೊರಗೆ ಬಿಡುವ ಆ ಕಾರ್ಡನ್ನು ಗಾಳಿಯಾಡದ ಬ್ರ್ಯಾಂಡೆಡ್ ಕ್ಯಾಬಿನೆಟ್‌ಗೆ ನಾನಂತೂ ಹಾಕುವುದಿಲ್ಲ.

ಪ್ರೊಸೆಸರ್ ಜೊತೆ ಹೊಂದಾಣಿಕೆ

ಕಾರ್ಡ್ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಕೆಲಸ ಹಂಚುವುದು ಪ್ರೊಸೆಸರ್. ನಾಲ್ಕು ಕೋರಿನ ಹಳೆಯ ಐ5 ಜೊತೆ ದೊಡ್ಡ ಕಾರ್ಡ್ ಹಾಕಿದರೆ ಕಾರ್ಡ್ ಅರ್ಧ ಹೊತ್ತು ಸುಮ್ನೆ ಕಾಯುತ್ತಿರುತ್ತದೆ. ಇದನ್ನು ಕಾರ್ಡ್ ಕೊಳ್ಳುವ ಮುಂಚೆಯೇ ಅಂದಾಜು ಮಾಡಬಹುದು. ನಿಮ್ಮ ಗೇಮನ್ನು ಈಗಿರುವ ಗ್ರಾಫಿಕ್ಸ್‌ನಲ್ಲೇ ತೀರಾ ಕಡಿಮೆ ರೆಸೊಲ್ಯೂಷನ್, ಎಲ್ಲಾ ಸೆಟ್ಟಿಂಗ್ ಕೆಳಗೆ ಇಟ್ಟು ಆಡಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಪ್ರೊಸೆಸರ್ 100ರ ಹತ್ತಿರ ಓಡುತ್ತಾ ಗ್ರಾಫಿಕ್ಸ್ ಬಿಡುವಾಗಿದ್ದರೆ, ಆಗ ಸೆಕೆಂಡಿಗೆ ಸಿಗುವ ಫ್ರೇಮ್‌ಗಳ (ಚಿತ್ರಗಳ) ಲೆಕ್ಕವೇ ನಿಮ್ಮ ಪ್ರೊಸೆಸರ್‌ನ ಮಿತಿ. ಯಾವ ಕಾರ್ಡ್ ತಂದರೂ ಅದನ್ನು ಹೆಚ್ಚೇನೂ ದಾಟುವುದಿಲ್ಲ.

4ನೇ ತಲೆಮಾರಿನ ಮಷೀನಿಗೆ 1650 ಮಟ್ಟದ ಸೆಕೆಂಡ್ ಹ್ಯಾಂಡ್ ಕಾರ್ಡ್ ಸಾಕು ಅನ್ನೋದು ನನ್ನ ಅಭಿಪ್ರಾಯ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಮಾತ್ರ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಮಷೀನಿನ ಮೇಲೆ ಜಾಸ್ತಿ ದುಡ್ಡು ಸುರಿಯುವ ಬದಲು ಮುಂದೆ ಬೇರೆ ಮಷೀನಿಗೂ ಹಾಕಿಕೊಳ್ಳಬಹುದಾದ ಕಾರ್ಡ್ ತಗೊಳ್ಳಿ, 3050ರ 6 ಜಿಬಿ ಆ ಲೆಕ್ಕದಲ್ಲೂ ಸರಿ. ರ‍್ಯಾಮ್ 8 ಜಿಬಿ ಮಾತ್ರ ಇದ್ದರೆ ಮೊದಲು ಅದನ್ನು 16 ಮಾಡಿ, ಆಮೇಲೆ ಕಾರ್ಡ್.

ಸೆಕೆಂಡ್ ಹ್ಯಾಂಡ್, ಹೊಸದು, ಮತ್ತು ಹಾಕುವ ದಿನ

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ನಕಲಿ ಕಾರ್ಡ್ ಇವೆ. ಹತ್ತು ಹದಿನೈದು ವರ್ಷ ಹಳೆಯ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಅಂತ ತೋರಿಸುವ ಹಾಗೆ ಮಾಡಿರುತ್ತಾರೆ. ವಿಂಡೋಸ್ ಕೂಡ ಅದನ್ನು ನಂಬಿ ಹೆಸರು ಹಾಗೇ ತೋರಿಸುತ್ತದೆ. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿದರೆ ಚಿಪ್‌ನ ನಿಜವಾದ ಹೆಸರು ಗೊತ್ತಾಗುತ್ತದೆ, ನಕಲಿ ಇದ್ದರೆ ಅದು ಹೆಚ್ಚಾಗಿ ಹಾಗಂತಲೇ ಬರೆದು ತೋರಿಸುತ್ತದೆ. ಹೊರಗಿನ ಸುಳಿವೂ ಇದೆ. 1050 ಟಿಐ ತಲೆಮಾರಿನಿಂದ ಎನ್‌ವಿಡಿಯಾ ಚಿಪ್‌ಗಳಲ್ಲಿ ಅನಲಾಗ್ ವಿಜಿಎ ಇಲ್ಲ. ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಕಂಡರೆ ಅನುಮಾನಪಡಿ. ನಿಮ್ಮ ಮಾನಿಟರ್‌ಗೇ ವಿಜಿಎ ಮಾತ್ರ ಇದ್ದರೆ ಸಿಗ್ನಲ್ ಬದಲಾಯಿಸುವ ಆಕ್ಟಿವ್ ಅಡಾಪ್ಟರ್ ಒಂದು ಬೇಕಾಗುತ್ತದೆ, ಬರೀ ಕೇಬಲ್ ಸಾಲದು. ಕೊಳ್ಳುವಾಗ ಸಾಧ್ಯವಾದರೆ ಕಾರ್ಡನ್ನು ಓಡಿಸಿ ನೋಡಿ. ಕಾಲು ಗಂಟೆ ಜೋರು ಗೇಮ್ ನಡೆಯಲಿ, ಫ್ಯಾನ್ ಗರಗರ ಅನ್ನುತ್ತದಾ, ಪರದೆಯಲ್ಲಿ ಚುಕ್ಕಿ, ಗೆರೆ ಬರುತ್ತದಾ ಗಮನಿಸಿ.

ಹಾಕುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ, ಬರಿಗೈಯಲ್ಲಿ ಕ್ಯಾಬಿನೆಟ್‌ನ ತಗಡು ಮುಟ್ಟಿ. ಒಳಗಿನ ಧೂಳು ತೆಗೆಯುವುದಕ್ಕೂ ಇದೇ ಒಳ್ಳೆ ಸಮಯ. ಸ್ಲಾಟಿನ ತುದಿಯ ಕೊಂಡಿ ಟಕ್ ಅನ್ನುವ ತನಕ ಕಾರ್ಡನ್ನು ಎರಡೂ ಬದಿಯಿಂದ ಸಮನಾಗಿ ಒತ್ತಬೇಕು. ಮಾನಿಟರ್ ಕೇಬಲ್ ಬೋರ್ಡಿನ ಪೋರ್ಟಿಗಲ್ಲ, ಕಾರ್ಡಿನ ಪೋರ್ಟಿಗೆ. ಇದೊಂದು ಮರೆತು "ಕಾರ್ಡ್ ಕೆಲಸ ಮಾಡ್ತಿಲ್ಲ" ಅನ್ನುವವರು ಎಷ್ಟೋ ಜನ. ಆಮೇಲೆ ಕಾರ್ಡ್ ಕಂಪನಿಯ ಸೈಟಿನಿಂದ ಡ್ರೈವರ್ ಹಾಕಿ. ಮುಂಚೆ ಬೇರೆ ಕಂಪನಿಯ ಕಾರ್ಡ್ ಇದ್ದಿದ್ದರೆ ಹಳೆಯ ಡ್ರೈವರ್ ಪೂರ್ತಿ ತೆಗೆದುಬಿಡಿ.

ಜಿಪಿಯು-ಝಡ್ ಇನ್ನೊಮ್ಮೆ ತೆರೆದು ಎಷ್ಟು ಲೇನ್, ಯಾವ ತಲೆಮಾರಿನಲ್ಲಿ ಓಡುತ್ತಿದೆ ನೋಡಿ. ಕಾರ್ಡ್ ಸುಮ್ಮನಿದ್ದಾಗ ಕರೆಂಟ್ ಉಳಿಸಲು ಅದು ಕಡಿಮೆ ತೋರಿಸುತ್ತದೆ, ಗಾಬರಿ ಬೇಡ, ಲೋಡ್ ಕೊಟ್ಟು ನೋಡಿ. ಒಂದು ಗಂಟೆ ಗೇಮ್ ಓಡಿಸಿ ಬಿಸಿ ಗಮನಿಸಿ. 80 ಡಿಗ್ರಿ ಒಳಗಿದ್ದರೆ ನಿಶ್ಚಿಂತೆ, ಅದಕ್ಕಿಂತ ಏರುತ್ತಲೇ ಹೋದರೆ ಕ್ಯಾಬಿನೆಟ್ ಬಾಗಿಲು ತೆಗೆದು ಓಡಿಸಿ ನೋಡಿ. ಆಗ ಇಳಿದರೆ ಗಾಳಿಯ ಕೊರತೆ ಅಂತಲೇ ಅರ್ಥ, ಹಿಂದೆ ಒಂದು ಫ್ಯಾನ್ ಹಾಕಿದರೆ ಸರಿಹೋಗುತ್ತದೆ. ಲೋಡ್ ಬಿದ್ದಾಗ ಮಷೀನ್ ಎಚ್ಚರಿಕೆ ಕೊಡದೆ ಆಫ್ ಆಗುತ್ತಿದ್ದರೆ ಮಾತ್ರ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಅಂಥ ಮಷೀನಿನಲ್ಲಿ ಕಾರ್ಡನ್ನು ಹಟ ಹಿಡಿದು ಓಡಿಸಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಅದನ್ನು ಕೊಟ್ಟು, 75 ವ್ಯಾಟ್ ಒಳಗಿನದನ್ನು ತಗೊಂಡು ಬನ್ನಿ.